ಕೂಸಿನ ಉಸಿರು, ಮನೆಯವರ ಕೈ



ದತ್ತಿ ಉಪನ್ಯಾಸಕ್ಕೆ ವೈದ್ಯರನ್ನು ಕರೆದರೆ ಅವರು ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಹೃದಯಾಘಾತದ ಬಗ್ಗೆ ಮಾತನಾಡುತ್ತಾರೆ ಎಂದುಕೊಳ್ಳುವುದು ಸಹಜ. ನಾನು ಮಕ್ಕಳ ವೈದ್ಯ. ನನಗೆ ಸಿಕ್ಕಿರುವ ಈ ಒಂದು ಗಂಟೆಯನ್ನು ಇನ್ನೂ ಆರು ತಿಂಗಳು ತುಂಬದ ಕೂಸುಗಳಿಗಾಗಿ ಬಳಸುತ್ತೇನೆ. ಅವು ಈ ಸಭೆಗೆ ಬಂದಿಲ್ಲ. ಅವನ್ನು ಎತ್ತಿ ಆಡಿಸುವ ಕೈಗಳು ಬಂದಿವೆ. ನನ್ನ ಮಾತೆಲ್ಲ ಆ ಕೈಗಳನ್ನು ಕುರಿತದ್ದೇ.

2025ರ ಜನವರಿ 6ನೇ ತಾರೀಕು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಬೆಂಗಳೂರಿನಲ್ಲಿ ಮೂರು ತಿಂಗಳ ಹೆಣ್ಣುಮಗು ಮತ್ತು ಎಂಟು ತಿಂಗಳ ಗಂಡುಮಗುವಿಗೆ ಎಚ್‌ಎಂಪಿವಿ ಎಂಬ ವೈರಸ್ ತಗುಲಿದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಅಂದು ಪ್ರಕಟಿಸಿತು. ಟಿವಿ ವಾಹಿನಿಗಳ ಪರದೆ ಕೆಂಪಾಯಿತು. ಷೇರುಪೇಟೆಯ ಸೂಚ್ಯಂಕ ಅದೇ ದಿನ ಸಾವಿರಕ್ಕೂ ಹೆಚ್ಚು ಅಂಕ ಕುಸಿಯಿತು. ಮತ್ತೆ ಲಾಕ್‌ಡೌನ್ ಬರುತ್ತದೆಯೇ ಎಂದು ಜನ ಕೇಳತೊಡಗಿದರು. ಆ ಎರಡೂ ಮಕ್ಕಳು ಚೇತರಿಸಿಕೊಂಡವು. ಎರಡೂ ವಿದೇಶಕ್ಕೆ ಹೋಗಿರಲಿಲ್ಲ. ಹೋಗಬೇಕಾದ ಅಗತ್ಯವೂ ಇರಲಿಲ್ಲ, ಏಕೆಂದರೆ ಆ ವೈರಸ್ ನಮ್ಮ ನಡುವೆಯೇ ಇತ್ತು. ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು ಗುರುತಿಸಿದ್ದು 2001ರಲ್ಲಿ. ಬಹಳ ವರ್ಷಗಳಿಂದ ಕಾದಿರಿಸಿದ್ದ ರಕ್ತದ ಮಾದರಿಗಳನ್ನು ಅವರು ಪರೀಕ್ಷಿಸಿದಾಗ 1958ರಲ್ಲಿಯೇ ಅದು ಮನುಷ್ಯರಿಗೆ ತಗುಲಿದ್ದ ಕುರುಹು ಸಿಕ್ಕಿತು.

ಆ ವಾರ ಮಕ್ಕಳ ವೈದ್ಯರಾದ ನಮಗೆಲ್ಲ ಕರೆಗಳ ಸುರಿಮಳೆ. ತಂದೆ-ತಾಯಿಯರ ಆತಂಕವನ್ನು ನಾನು ತಪ್ಪೆನ್ನುವುದಿಲ್ಲ. ನನ್ನನ್ನು ಕಾಡಿದ್ದು ಬೇರೆಯೇ ವಿಷಯ. ಇದೇ ಎಚ್‌ಎಂಪಿವಿಯ ಕುಟುಂಬಕ್ಕೆ ಸೇರಿದ, ಅದಕ್ಕಿಂತ ಬಹಳ ಹೆಚ್ಚು ಹಸುಗೂಸುಗಳನ್ನು ಆಸ್ಪತ್ರೆಗೆ ತರುವ ಇನ್ನೊಂದು ವೈರಸ್ ಪ್ರತಿ ಮಳೆಗಾಲ, ಪ್ರತಿ ಚಳಿಗಾಲ ನಮ್ಮ ಮಕ್ಕಳ ವಾರ್ಡುಗಳನ್ನು ತುಂಬಿಸುತ್ತದೆ. ಅದರ ಬಗ್ಗೆ ಯಾವ ವಾಹಿನಿಯೂ ಬ್ರೇಕಿಂಗ್ ನ್ಯೂಸ್ ಹಾಕಿದ್ದನ್ನು ನಾನು ಕಂಡಿಲ್ಲ. ಅದರ ಹೆಸರು ರೆಸ್ಪಿರೇಟರಿ ಸಿನ್ಸಿಟಿಯಲ್ ವೈರಸ್, ಚಿಕ್ಕದಾಗಿ ಆರ್‌ಎಸ್‌ವಿ. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಮಗುವಿಗೂ ಇದು ಒಮ್ಮೆಯಾದರೂ ತಗುಲಿರುತ್ತದೆ. ಇಲ್ಲಿರುವ ನಮಗೆಲ್ಲ ತಗುಲಿದೆ, ಇನ್ನೂ ಎಷ್ಟೋ ಸಲ ತಗುಲಲಿದೆ. ನಮ್ಮ ಪಾಲಿಗೆ ಅದು ಬರೀ ನೆಗಡಿ. ಮೂರು ದಿನ ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಮರೆತುಬಿಡುತ್ತೇವೆ. ಎರಡು ತಿಂಗಳ ಕೂಸಿಗೆ ತಗುಲಿದಾಗ ಮಾತ್ರ ಕಥೆ ಬೇರೆಯಾಗುತ್ತದೆ.

ಆ ಕಥೆ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಜಗತ್ತಿನ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಒಂದು ಅಂದಾಜನ್ನು ಪ್ರಕಟಿಸಿತು. 2019ರ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಆರ್‌ಎಸ್‌ವಿಯಿಂದ ಶ್ವಾಸಕೋಶದವರೆಗೆ ಇಳಿದ ಸೋಂಕುಗಳು 3 ಕೋಟಿ 30 ಲಕ್ಷ, ಆಸ್ಪತ್ರೆ ಸೇರಿದವರು 36 ಲಕ್ಷ, ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಸತ್ತವರಲ್ಲಿ 45 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಆರು ತಿಂಗಳು ತುಂಬಿರಲಿಲ್ಲ. ಒಟ್ಟು ಸಾವುಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಸಂಭವಿಸಿದ್ದು ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ. ಈ ಕೊನೆಯ ಸಂಖ್ಯೆಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ನಮ್ಮನ್ನು ಮೂರು ದಿನ ಕಾಡಿ ಬಿಟ್ಟುಹೋಗುವ ವೈರಸ್ ಕೂಸಿನ ಉಸಿರನ್ನೇ ಕಟ್ಟಿಸುವುದು ಏಕೆ? ಉತ್ತರ ಮಗುವಿನ ಎದೆಯ ಅಳತೆಯಲ್ಲಿದೆ. ಆರ್‌ಎಸ್‌ವಿ ಮೊದಲು ಮೂಗಿನ ಒಳಪದರದಲ್ಲಿ ಬೆಳೆಯುತ್ತದೆ. ನಾಲ್ಕಾರು ದಿನ ಕಳೆದ ಮೇಲೆ ಮೂಗು ಸೋರಲು ಆರಂಭ. ಕೆಲವು ಮಕ್ಕಳಲ್ಲಿ ಅಲ್ಲಿಂದ ಕೆಳಗಿಳಿದು ಶ್ವಾಸಕೋಶದ ತುದಿಗೆ ಗಾಳಿ ಒಯ್ಯುವ ಅತಿ ಸಣ್ಣ ನಾಳಗಳನ್ನು ಹಿಡಿಯುತ್ತದೆ. ಆ ನಾಳಗಳ ಒಳಪದರದ ಜೀವಕೋಶಗಳು ಸತ್ತು ಉದುರುತ್ತವೆ, ಗೋಡೆ ಊದಿಕೊಳ್ಳುತ್ತದೆ, ಲೋಳೆ ತುಂಬುತ್ತದೆ. ಉದುರಿದ ಕೋಶ, ಲೋಳೆ ಎರಡೂ ಬೆರೆತು ಅಲ್ಲಲ್ಲಿ ಬಿರಡೆ ಬೀಳುತ್ತದೆ. ಇದನ್ನು ನಾವು ಬ್ರಾಂಕಿಯೊಲೈಟಿಸ್ ಎನ್ನುತ್ತೇವೆ. ಪೋಸ್ವೇಯ್ ಎಂಬ ಫ್ರೆಂಚ್ ವೈದ್ಯ 19ನೇ ಶತಮಾನದಲ್ಲಿ ನಾಳಗಳ ಬಗ್ಗೆ ಒಂದು ನಿಯಮ ಕಂಡುಕೊಂಡ. ನಾಳದ ಒಳಗಿನ ಅಗಲ ಅರ್ಧಕ್ಕಿಳಿದರೆ ಹರಿವಿಗೆ ಎದುರಾಗುವ ತಡೆ ಎರಡು ಪಟ್ಟಾಗುವುದಿಲ್ಲ, 16 ಪಟ್ಟಾಗುತ್ತದೆ. ನಮ್ಮ ದೊಡ್ಡ ನಾಳಗಳಲ್ಲಿ ಕೂದಲೆಳೆಯಷ್ಟು ಊತ ಬಂದರೆ ನಮಗೆ ಗೊತ್ತೂ ಆಗುವುದಿಲ್ಲ. ಕೂಸಿನ ನಾಳದಲ್ಲಿ ಅಷ್ಟೇ ಊತ ಬಂದರೆ ಅರ್ಧ ದಾರಿ ಮುಚ್ಚಿಹೋಯಿತು. ಆಮೇಲೆ ಮಗು ಪ್ರತಿ ಉಸಿರಿಗೂ ದುಡಿಯಬೇಕು.

ಆ ದುಡಿಮೆಯನ್ನು ಯಂತ್ರವಿಲ್ಲದೆ, ಸ್ಟೆತೊಸ್ಕೋಪ್ ಇಲ್ಲದೆ, ಮನೆಯಲ್ಲಿ ಕುಳಿತೇ ನೋಡಬಹುದು. ಇದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಗು ಅಳದೆ, ಹಾಲು ಕುಡಿಯದೆ, ಸಮಾಧಾನವಾಗಿರುವಾಗ ಬೆಳಕಿರುವ ಕಡೆ ತೊಡೆಯ ಮೇಲೆ ಮಲಗಿಸಿಕೊಳ್ಳಿ. ಸ್ವೆಟರು, ಅಂಗಿ ಮೇಲಕ್ಕೆತ್ತಿ ಎದೆ-ಹೊಟ್ಟೆ ಕಾಣುವಂತೆ ಮಾಡಿ. ಸೆಕೆಂಡಿನ ಮುಳ್ಳಿರುವ ಗಡಿಯಾರ ಅಥವಾ ಮೊಬೈಲ್ ಎದುರಿಗಿರಲಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವುದು ಬೇಡ, ಏಕೆಂದರೆ ಎಳೆಮಕ್ಕಳ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಎರಡು ತಿಂಗಳೊಳಗಿನ ಮಗುವಾದರೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳ ಮಗುವಾದರೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಾದರೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ವಿಶ್ವ ಆರೋಗ್ಯ ಸಂಸ್ಥೆಯ ಈ ಗಡಿರೇಖೆಗಳನ್ನೇ ನಮ್ಮ ಆಶಾ ಕಾರ್ಯಕರ್ತೆಯರಿಗೂ ಕಲಿಸಲಾಗುತ್ತದೆ.

ಎಣಿಸುತ್ತಿರುವಾಗಲೇ ಪಕ್ಕೆಯ ಕೆಳಗೆ ಕಣ್ಣಿಡಿ. ಮಗು ಉಸಿರೆಳೆದುಕೊಂಡಾಗ ಎದೆಗೂಡಿನ ಕೆಳಭಾಗ ಹೊರಕ್ಕೆ ಬರುವ ಬದಲು ಒಳಕ್ಕೆ ಗುಳಿ ಬೀಳುತ್ತಿದೆಯೇ? ನಮ್ಮ ಹಳ್ಳಿಗಳಲ್ಲಿ ಇದನ್ನೇ ಪಕ್ಕೆ ಹಾರುತ್ತಿದೆ, ಪಕ್ಕೆ ಸೆಳೆಯುತ್ತಿದೆ ಎನ್ನುತ್ತಾರೆ. ಅಜ್ಜಿಯರ ಈ ಗುರುತು ನೂರಕ್ಕೆ ನೂರು ಸರಿ. ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳಿದಂತೆ ಸದ್ದು ಬರುವುದು, ಮೊಲೆ ಹಿಡಿದು ನಾಲ್ಕು ಗುಟುಕು ಕುಡಿದು ಬಿಟ್ಟುಬಿಡುವುದು, ಎಂದಿನ ಹಾಲಿನ ಅರ್ಧವೂ ಹೊಟ್ಟೆಗಿಳಿಯದಿರುವುದು, ಉಚ್ಚೆ ಕಡಿಮೆಯಾಗುವುದು, ತುಟಿ ನೀಲಿಗಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ, ಮಳೆಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು. ಇನ್ನೂ ಎಳೆಯ ಕೂಸುಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಎರಡು ತಿಂಗಳೊಳಗಿನ ಶಿಶುಗಳಲ್ಲಿ, ಅದರಲ್ಲೂ ದಿನ ತುಂಬುವ ಮೊದಲೇ ಹುಟ್ಟಿದವುಗಳಲ್ಲಿ, ಜ್ವರ ಕೆಮ್ಮು ಯಾವುದೂ ಜೋರಾಗಿಲ್ಲದೆ ಉಸಿರಾಟವೇ ನಡುನಡುವೆ ನಿಂತುಹೋಗಬಹುದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಮಾಡುವುದು ಬಹಳ ಇಲ್ಲ. ಆಮ್ಲಜನಕ ಕೊಡುತ್ತೇವೆ, ಮೂಗಿನ ಲೋಳೆ ತೆಗೆಯುತ್ತೇವೆ, ಹಾಲು ಕುಡಿಯಲಾಗದಿದ್ದರೆ ಮೂಗಿನ ಕೊಳವೆಯ ಮೂಲಕವೋ ರಕ್ತನಾಳದ ಮೂಲಕವೋ ದ್ರವ ಕೊಡುತ್ತೇವೆ, ಉಸಿರು ಸೋತರೆ ಯಂತ್ರದ ಆಸರೆ. ವೈರಸ್ಸನ್ನೇ ಕೊಲ್ಲುವ, ಎಲ್ಲ ಮಕ್ಕಳಿಗೂ ಕೊಡಬಹುದಾದ ಔಷಧ ಇಲ್ಲ. ಆಂಟಿಬಯೋಟಿಕ್‌ಗೆ ವೈರಸ್ ಜಗ್ಗುವುದಿಲ್ಲ. ಹಾಗಾಗಿ ‘ಡಾಕ್ಟ್ರೇ, ಒಂದು ಸ್ಟ್ರಾಂಗ್ ಔಷಧ ಬರೀರಿ’ ಎಂದು ಒತ್ತಾಯಿಸಬೇಡಿ. ಕೆಮ್ಮಿನ ಸಿರಪ್ಪನ್ನಂತೂ ಅಂಗಡಿಯಿಂದ ತರಲೇಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತದ್ದನ್ನು ನೀವೆಲ್ಲ ಓದಿದ್ದೀರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಲೇಬಾರದೆಂದು ಕೇಂದ್ರ ಸರ್ಕಾರ ಅದಾದ ಮೇಲೆ ಸೂಚನೆ ಹೊರಡಿಸಿತು. ವಿಷ ಬೆರೆಯದ ಸಿರಪ್ಪಿನಿಂದಲೂ ಈ ವಯಸ್ಸಿನ ಮಕ್ಕಳಿಗೆ ಲಾಭವಿಲ್ಲ. ಮೂಗು ಕಟ್ಟಿದ್ದರೆ ಸಲೈನ್ ಹನಿ ಸಾಕು. ಎಳೆಗೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುವುದರಿಂದ ಮೂಗು ತೆರವಾದರೆ ಅರ್ಧ ಕಷ್ಟ ಇಳಿಯುತ್ತದೆ, ಹಾಲು ಕುಡಿಯುತ್ತದೆ. ಆ ಹೊಳ್ಳೆಗಳಿಗೆ ಎಣ್ಣೆ ಮಾತ್ರ ಬಿಡಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಉಳಿದು ಬೇರೊಂದು ಬಗೆಯ ನ್ಯುಮೋನಿಯಾ ತರುತ್ತದೆ.

ಔಷಧ ಇಲ್ಲ ಎಂದ ಮೇಲೆ ಬರದಂತೆ ನೋಡಿಕೊಳ್ಳುವುದೇ ದಾರಿ. ಅದಕ್ಕೆ ಮೊದಲು ವೈರಸ್ ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿಯಬೇಕು. ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟವರು ಅಮೆರಿಕದ ರೋಚೆಸ್ಟರ್ ನಗರದ ಮಕ್ಕಳ ವೈದ್ಯೆ ಕ್ಯಾರೊಲಿನ್ ಬ್ರೀಸ್ ಹಾಲ್. 2012ರಲ್ಲಿ ತೀರಿಕೊಂಡ ಈ ಹೆಣ್ಣುಮಗಳ ಹೆಸರು ಮಕ್ಕಳ ವೈದ್ಯರ ವಲಯದಾಚೆ ಹೆಚ್ಚು ಕೇಳಿಬರುವುದಿಲ್ಲ. 1981ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗವನ್ನು ವಿವರವಾಗಿ ಹೇಳುವ ಆಸೆ ನನಗೆ.

ಆಸ್ಪತ್ರೆಯಲ್ಲಿ ಆರ್‌ಎಸ್‌ವಿಯಿಂದ ಮಲಗಿರುವ ಶಿಶುಗಳು. ಪ್ರಯೋಗಕ್ಕೆ ಒಪ್ಪಿಕೊಂಡ ಸ್ವಯಂಸೇವಕರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನವರು ಕಾಯಿಲೆಯ ಕೂಸನ್ನು ಎತ್ತಿಕೊಂಡು, ಉಣಿಸಿ, ಬಟ್ಟೆ ಬದಲಿಸಿ, ಮುದ್ದಾಡುತ್ತ ಕೆಲವು ಗಂಟೆ ಕಳೆದರು. ಎರಡನೆಯವರು ಕೂಸು ಕೋಣೆಯಲ್ಲಿ ಇಲ್ಲದಿರುವಾಗ ಒಳಗೆ ಹೋಗಿ ಅದರ ತೊಟ್ಟಿಲ ಕಂಬಿ, ಮೇಜು, ಆಟಿಕೆಗಳನ್ನು ಮುಟ್ಟಿ, ಆ ಕೈಯಿಂದಲೇ ತಮ್ಮ ಕಣ್ಣು-ಮೂಗು ಉಜ್ಜಿಕೊಂಡರು. ಮೂರನೆಯವರು ಅದೇ ಕೋಣೆಯಲ್ಲಿ ಕೂಸಿನಿಂದ ಆರು ಅಡಿಗೂ ಹೆಚ್ಚು ದೂರದಲ್ಲಿ ಸುಮ್ಮನೆ ಕುಳಿತಿದ್ದರು. ಮುದ್ದಾಡಿದ 7 ಜನರಲ್ಲಿ 5 ಮಂದಿಗೆ ಸೋಂಕು ತಗುಲಿತು. ವಸ್ತುಗಳನ್ನಷ್ಟೇ ಮುಟ್ಟಿದ 10 ಜನರಲ್ಲಿ 4 ಮಂದಿಗೆ ತಗುಲಿತು. ದೂರ ಕುಳಿತ 14 ಜನರಲ್ಲಿ ಒಬ್ಬರಿಗೂ ತಗುಲಲಿಲ್ಲ.

ಎರಡನೆಯ ಗುಂಪಿನವರು ಮಗುವಿನ ಮುಖವನ್ನೇ ನೋಡಿರಲಿಲ್ಲ ಎಂಬುದನ್ನು ಗಮನಿಸಿ. ಅವರಿಗೆ ವೈರಸ್ ತಂದುಕೊಟ್ಟದ್ದು ಅವರವರ ಕೈ. ಹಾಲ್ ಅವರ ತಂಡ ಇದಕ್ಕೂ ಮೊದಲೇ ಇನ್ನೊಂದು ಅಳತೆ ಮಾಡಿತ್ತು. ಶಿಶುಗಳ ಮೂಗಿನಿಂದ ತೆಗೆದ ಲೋಳೆಯಲ್ಲಿರುವ ವೈರಸ್ ನುಣುಪಾದ ಮೇಜಿನ ಮೇಲೆ 6 ಗಂಟೆಯವರೆಗೂ, ಬಟ್ಟೆಯ ಮೇಲೆ ಅರ್ಧ ಮುಕ್ಕಾಲು ಗಂಟೆ, ಮನುಷ್ಯನ ಚರ್ಮದ ಮೇಲೆ ಸುಮಾರು 20 ನಿಮಿಷ ಬದುಕಿರುತ್ತದೆ. ದೇಹದೊಳಕ್ಕೆ ಹೋಗುವ ಮುಖ್ಯ ಬಾಗಿಲುಗಳು ಮೂಗು ಮತ್ತು ಕಣ್ಣು. ಬಾಯಿಯ ಮೂಲಕ ಅಷ್ಟು ಸುಲಭವಾಗಿ ಹೋಗುವುದಿಲ್ಲ ಎಂಬುದನ್ನೂ ಅವರೇ ತೋರಿಸಿದರು. ಈಚಿನ ಅಧ್ಯಯನಗಳಲ್ಲಿ ಕಾಯಿಲೆಯ ಶಿಶುಗಳ ಸುತ್ತಲಿನ ಗಾಳಿಯಲ್ಲೂ ಜೀವಂತ ವೈರಸ್ ಸಿಕ್ಕಿದೆ, ಆದ್ದರಿಂದ ಕಿಟಕಿ ತೆರೆದಿಡುವುದಕ್ಕೂ ಬೆಲೆಯಿದೆ. ಆದರೂ ಹೆದ್ದಾರಿ ಕೈಯದೇ, ಹತ್ತಿರದಿಂದ ಸಿಡಿಯುವ ಹನಿಗಳದೇ.

ಇದು ನಮಗೆ ಒಳ್ಳೆಯ ಸುದ್ದಿ. ಆರ್‌ಎಸ್‌ವಿಯ ಮೈಮೇಲೆ ಕೊಬ್ಬಿನ ತೆಳು ಹೊದಿಕೆಯಿದೆ. ಸೋಪು ತಾಕಿದರೆ ಆ ಹೊದಿಕೆ ಒಡೆದು ವೈರಸ್ ನಿಷ್ಕ್ರಿಯವಾಗುತ್ತದೆ. ಸಾಧಾರಣ ಬಟ್ಟೆ ಸೋಪಾದರೂ ನಡೆದೀತು. ಬೆರಳ ಸಂದು, ಉಗುರಿನ ಅಂಚು ಸೇರಿ ಇಪ್ಪತ್ತು ಸೆಕೆಂಡು ಉಜ್ಜಬೇಕು ಅಷ್ಟೇ.

ಕೂಸಿಗೆ ವೈರಸ್ ತರುವವರು ಯಾರು ಎಂಬುದೂ ಈಗ ಗೊತ್ತಿದೆ. ಕೀನ್ಯಾ ದೇಶದ ಕಿಲಿಫಿ ಎಂಬಲ್ಲಿ ಸಂಶೋಧಕರು ಹಸುಗೂಸಿರುವ ಮನೆಗಳನ್ನು ಆರು ತಿಂಗಳ ಕಾಲ ಹಿಂಬಾಲಿಸಿದರು. ಕೆಮ್ಮು ನೆಗಡಿ ಇರಲಿ ಬಿಡಲಿ, ಮನೆಯ ಎಲ್ಲರ ಮೂಗಿನ ದ್ರವವನ್ನೂ ವಾರಕ್ಕೆ ಎರಡರಂತೆ ಪರೀಕ್ಷಿಸುತ್ತಿದ್ದರು. ಬಹಳಷ್ಟು ಮನೆಗಳಲ್ಲಿ ವೈರಸ್ಸನ್ನು ಮೊದಲು ಹೊಸ್ತಿಲು ದಾಟಿಸಿದ್ದು ಶಾಲೆಗೆ ಹೋಗುವ ಅಣ್ಣ ಅಕ್ಕಂದಿರು. ಅವರಲ್ಲಿ ಕೆಲವರಿಗೆ ಏನೂ ಆಗಿರಲಿಲ್ಲ. ನಮ್ಮ ಮನೆಗಳಲ್ಲಿ ಬೇರೆ ಇರಲು ಕಾರಣವಿಲ್ಲ. ಅಂಗನವಾಡಿಯಿಂದ, ಎಲ್‌ಕೆಜಿಯಿಂದ ಬಂದ ನಾಲ್ಕು ವರ್ಷದ ಅಕ್ಕ ಚಪ್ಪಲಿ ಬಿಟ್ಟವಳೇ ನೇರ ತೊಟ್ಟಿಲಿಗೆ ಓಡುತ್ತಾಳೆ, ಪಾಪುವಿನ ಕೆನ್ನೆ ಹಿಡಿದು ಮೂಗಿಗೆ ಮೂಗು ತಾಗಿಸುತ್ತಾಳೆ. ಅವಳನ್ನು ಗದರಿ ದೂರ ಅಟ್ಟುವುದು ಬೇಡ. ಬಂದ ಕೂಡಲೇ ಕೈಕಾಲು ಮುಖ ತೊಳೆದು ಬಟ್ಟೆ ಬದಲಿಸುವುದನ್ನು ಅಭ್ಯಾಸ ಮಾಡಿಸಿ. ನೆಗಡಿ ಇದ್ದ ದಿನ ಪಾಪುವಿನ ಪಾದಕ್ಕೆ ಮುತ್ತು ಕೊಡಲು ಹೇಳಿ, ಮುಖಕ್ಕೆ ಬೇಡ. ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಇಂಥ ಮಾತು ಕೇಳುತ್ತಾರೆ. ಕಷ್ಟ ಇರುವುದು ದೊಡ್ಡವರದ್ದು.

ನಾಮಕರಣದ ದಿನವನ್ನು ನೆನಪಿಸಿಕೊಳ್ಳಿ. ಹುಟ್ಟಿ ಹನ್ನೆರಡು ದಿನವೋ, ತಿಂಗಳೊಪ್ಪತ್ತೋ ಆದ ಕೂಸು. ನೂರಿನ್ನೂರು ನೆಂಟರು. ಕೂಸು ಸೋದರತ್ತೆಯ ಕೈಯಿಂದ ಚಿಕ್ಕಮ್ಮನ ಕೈಗೆ, ಚಿಕ್ಕಮ್ಮನಿಂದ ಬೀಗಿತ್ತಿಗೆ, ಅಲ್ಲಿಂದ ಫೋಟೊಗ್ರಾಫರನ ಮುಂದೆ ಯಾರಾರದೋ ತೊಡೆಗೆ ಹೋಗುತ್ತಲೇ ಇರುತ್ತದೆ. ಎತ್ತಿಕೊಂಡವರೆಲ್ಲ ಗಲ್ಲ ಹಿಂಡಿ ಆ ಕೈಯನ್ನು ತುಟಿಗೆ ಒತ್ತಿಕೊಳ್ಳುತ್ತಾರೆ, ಕೆಲವರು ನೇರ ಮುಖಕ್ಕೆ ಮುತ್ತಿಡುತ್ತಾರೆ. ಆ ಗುಂಪಿನಲ್ಲಿ ‘ಸ್ವಲ್ಪ ಶೀತ ಅಷ್ಟೇ’ ಎನ್ನುವವರು ಇಬ್ಬರಾದರೂ ಇದ್ದೇ ಇರುತ್ತಾರೆ. ವಾರ ಕಳೆಯುವಷ್ಟರಲ್ಲಿ ಕೂಸು ನಮ್ಮ ವಾರ್ಡಿಗೆ ಬಂದಿರುತ್ತದೆ, ‘ದೃಷ್ಟಿ ಆಯಿತು ಡಾಕ್ಟ್ರೇ’ ಎನ್ನುತ್ತಾರೆ ಅಜ್ಜಿ. ಶಾಸ್ತ್ರ ಬಿಡಿ ಎಂದು ನಾನು ಹೇಳುವುದಿಲ್ಲ. ತೊಟ್ಟಿಲಿಗೆ ಹಾಕಿ, ಹೆಸರಿಡಿ, ಊಟ ಹಾಕಿ. ಕೂಸು ಮಾತ್ರ ತಾಯಿಯ ಬಳಿಯೋ ತೊಟ್ಟಿಲಲ್ಲೋ ಇರಲಿ. ನೋಡುವವರು ದೂರದಿಂದ ನೋಡಿ ಹರಸಲಿ. ಎತ್ತಿಕೊಳ್ಳಲೇಬೇಕಾದವರು ಕೈ ತೊಳೆದು ಎತ್ತಿಕೊಳ್ಳಲಿ. ಶೀತವಿರುವವರು ಆ ದಿನ ಬರದಿದ್ದರೆ ಅದನ್ನು ಅಗೌರವ ಎಂದು ಯಾರೂ ತಿಳಿಯಬಾರದು.

ಇದನ್ನು ಹೇಳಬೇಕಾದವರು ಯಾರು? ಹೆತ್ತವಳು ಹೇಳಲಾರಳು. ಇಪ್ಪತ್ತೆರಡರ ಬಾಣಂತಿ ಅತ್ತೆಯ ಅಣ್ಣನಿಗೆ ‘ಕೈ ತೊಳೆದು ಬನ್ನಿ’ ಎಂದರೆ ಅದು ಉದ್ಧಟತನವಾಗುತ್ತದೆ. ಅಜ್ಜಿ ಹೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಅದಕ್ಕೇ ಅಜ್ಜಿ-ತಾತಂದಿರು ತುಂಬಿರುವ ಈ ಸಭೆಯಲ್ಲಿ ಇದನ್ನು ಎತ್ತಿದ್ದೇನೆ.

ನಮ್ಮ ಬಾಣಂತನದ ಪದ್ಧತಿಯಲ್ಲಿ ಒಂದು ಹಳೆಯ ವಿವೇಕ ಇತ್ತು. ಬಾಣಂತಿ ಮತ್ತು ಕೂಸನ್ನು ಪ್ರತ್ಯೇಕ ಕೋಣೆಯಲ್ಲಿಟ್ಟು ಹೊರಗಿನವರು ಒಳಗೆ ಬರದಂತೆ ನೋಡಿಕೊಳ್ಳುತ್ತಿದ್ದರು. ಅದನ್ನು ಉಳಿಸಿಕೊಳ್ಳೋಣ. ಅದೇ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಕೂಸಿನ ತಲೆಗೂದಲು ಒಣಗಲೆಂದು ಹೊಗೆ ಹಿಡಿಯುವುದನ್ನು ಬಿಡೋಣ. ಹೊಗೆ ಎಳೆಯ ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತದೆ, ಲೋಳೆಯನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನು ಸೋಲಿಸುತ್ತದೆ. ಸೌದೆ ಒಲೆಯ ಹೊಗೆ, ಬೀಡಿ ಸಿಗರೇಟಿನ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಎಲ್ಲಕ್ಕೂ ಈ ಮಾತು ಅನ್ವಯ. ಇನ್ನು ತಾಯಿಗೇ ನೆಗಡಿಯಾದರೆ ಹಾಲು ಬಿಡಿಸುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಎದೆಹಾಲಿನಲ್ಲಿ ರಕ್ಷಣೆಯ ಅಂಶಗಳಿವೆ. ಮಾಸ್ಕ್ ಕಟ್ಟಿ, ಕೈ ತೊಳೆದು ಹಾಲು ಕೊಟ್ಟರೆ ಆಯಿತು.

ಕಾಲದ ಬಗ್ಗೆ ಒಂದು ಮಾತು. ಉತ್ತರ ಭಾರತದಲ್ಲಿ ಆರ್‌ಎಸ್‌ವಿ ಕೊರೆಯುವ ಚಳಿಯ ತಿಂಗಳುಗಳ ಕಾಯಿಲೆ. ದಕ್ಷಿಣದಲ್ಲಿ ಹಾಗಲ್ಲ, ಮಳೆಗಾಲದ ನಡುವಿನಿಂದ ಚಳಿಗಾಲದ ಆರಂಭದವರೆಗೆ ಅದರ ಹಾವಳಿ ಹೆಚ್ಚು. ಶಾಲೆಗಳು ನಡೆಯುತ್ತಿರುತ್ತವೆ, ಹಬ್ಬಗಳ ಸಾಲು, ಮಳೆಗೆ ಎಲ್ಲರೂ ಒಳಗೇ. ಕೋವಿಡ್ ಕಾಲದಲ್ಲಿ ಮಾಸ್ಕು, ಶಾಲೆ ಬಂದ್ ಎಲ್ಲ ಸೇರಿ 2020ರಲ್ಲಿ ಹಲವು ದೇಶಗಳಲ್ಲಿ ಆರ್‌ಎಸ್‌ವಿ ಹೆಚ್ಚುಕಡಿಮೆ ಕಾಣೆಯೇ ಆಗಿತ್ತು. ನಿರ್ಬಂಧ ತೆರವಾದ ಮೇಲೆ 2021ರ ಬೇಸಿಗೆಯಲ್ಲಿ, ತನ್ನ ಕಾಲವಲ್ಲದ ಕಾಲದಲ್ಲಿ, ಅಮೆರಿಕದಲ್ಲಿ ಅಲೆಯಾಗಿ ಮರಳಿತು. ನಮ್ಮ ನಡವಳಿಕೆಗೂ ಈ ವೈರಸ್ಸಿಗೂ ಎಷ್ಟು ನೇರ ಸಂಬಂಧ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಈಗ ಲಸಿಕೆಯ ವಿಷಯಕ್ಕೆ ಬರುತ್ತೇನೆ. ಇದು ನೋವಿನ ಕಥೆ, ಕೊನೆಗೆ ಭರವಸೆಯ ಕಥೆ. 1956ರಲ್ಲಿ ಅಮೆರಿಕದ ಸೇನಾ ಸಂಶೋಧನಾ ಕೇಂದ್ರವೊಂದರ ಚಿಂಪಾಂಜಿಗಳಿಗೆ ನೆಗಡಿಯಾಗಿ, ಅವುಗಳ ಮೂಗಿನಲ್ಲಿ ಹೊಸ ವೈರಸ್ ಸಿಕ್ಕಿತು. ಮರುವರ್ಷವೇ ರಾಬರ್ಟ್ ಚಾನಕ್ ಎಂಬ ಮಕ್ಕಳ ವೈದ್ಯ ಅದೇ ವೈರಸ್ಸನ್ನು ಬಾಲ್ಟಿಮೋರ್ ನಗರದ ಕಾಯಿಲೆಯ ಶಿಶುಗಳಲ್ಲಿ ಕಂಡ. ಮನುಷ್ಯರ ವೈರಸ್ ಚಿಂಪಾಂಜಿಗಳಿಗೆ ಹೋಗಿತ್ತು. ಹತ್ತು ವರ್ಷದೊಳಗೆ ಲಸಿಕೆಯೂ ಸಿದ್ಧವಾಯಿತು. ಪೋಲಿಯೊಗೆ ಜೋನಾಸ್ ಸಾಲ್ಕ್ ಮಾಡಿದಂತೆಯೇ ವೈರಸ್ಸನ್ನು ಫಾರ್ಮಲಿನ್‌ನಲ್ಲಿ ಕೊಂದು ಚುಚ್ಚುಮದ್ದು ಮಾಡಿದರು. 1966ರಲ್ಲಿ ಶಿಶುಗಳಿಗೆ ಕೊಟ್ಟು ನೋಡಿದರು. ವಾಷಿಂಗ್ಟನ್‌ನ ಅಧ್ಯಯನವೊಂದರಲ್ಲಿ ಲಸಿಕೆ ಪಡೆದ ಅತಿ ಎಳೆಯ ಮಕ್ಕಳಲ್ಲಿ 20 ಮಂದಿಗೆ ಆಮೇಲೆ ಸಹಜವಾಗಿ ಆರ್‌ಎಸ್‌ವಿ ತಗುಲಿತು. ಅವರಲ್ಲಿ 16 ಮಕ್ಕಳು ಆಸ್ಪತ್ರೆ ಸೇರಿದವು. ಎರಡು ಮಕ್ಕಳು ತೀರಿಕೊಂಡವು. ಬೇರೊಂದು ವೈರಸ್ಸಿನ ಲಸಿಕೆ ಪಡೆದ ಹೋಲಿಕೆಯ ಗುಂಪಿನಲ್ಲಿ ಸೋಂಕು ತಗುಲಿದವರ ಪೈಕಿ ಆಸ್ಪತ್ರೆಗೆ ಹೋದದ್ದು ನೂರಕ್ಕೆ ಐದು ಮಾತ್ರ. ಕಾಪಾಡಬೇಕಾದ ಲಸಿಕೆಯೇ ಕಾಯಿಲೆಯನ್ನು ಉಲ್ಬಣಗೊಳಿಸಿತ್ತು.

ಆ ಎರಡು ಮಕ್ಕಳ ಸಾವು ಈ ಕ್ಷೇತ್ರವನ್ನು ದಶಕಗಳ ಕಾಲ ಹೆಪ್ಪುಗಟ್ಟಿಸಿತು. ಏಕೆ ಹೀಗಾಯಿತು ಎಂಬುದಕ್ಕೆ ಮುಖ್ಯ ಸುಳಿವು ಸಿಗಲು 2013 ಬರಬೇಕಾಯಿತು. ಆರ್‌ಎಸ್‌ವಿಯ ಮೈಮೇಲೆ ಎಫ್ ಎಂಬ ಪ್ರೋಟೀನ್ ಇದೆ. ನಮ್ಮ ಜೀವಕೋಶಕ್ಕೆ ಬೆಸೆದುಕೊಂಡು ಒಳನುಗ್ಗಲು ವೈರಸ್ ಬಳಸುವ ಆಯುಧ ಅದು. ಬೆಸೆಯುವ ಮೊದಲು ಅದರ ಆಕಾರ ಒಂದು, ಬೆಸೆದ ಮೇಲೆ ಇನ್ನೊಂದು. ಗಾಳಿಗೆ ಸಿಕ್ಕಿ ಒಳಹೊರಗಾದ ಛತ್ರಿ ಮತ್ತೆ ಮೊದಲಿನಂತಾಗದ ಹಾಗೆ, ಒಮ್ಮೆ ಆಕಾರ ಬದಲಾದರೆ ಅದು ಹಿಂದಿರುಗುವುದಿಲ್ಲ. ಹಳೆಯ ಲಸಿಕೆಯಲ್ಲಿ ಇದ್ದದ್ದು ಆಕಾರ ಕೆಟ್ಟ ಪ್ರೋಟೀನ್. ದೇಹ ಅದನ್ನೇ ಶತ್ರುವೆಂದು ಗುರುತಿಟ್ಟುಕೊಂಡಿತು, ನಿಜವಾದ ವೈರಸ್ ಬಂದಾಗ ಅದನ್ನು ತಡೆಯುವ ಪ್ರತಿಕಾಯಗಳು ಸಾಲದೆ ಶ್ವಾಸಕೋಶದಲ್ಲಿ ದಿಕ್ಕುತಪ್ಪಿದ ಉರಿಯೂತವೆದ್ದಿತು. ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ ಮತ್ತು ಅವರ ಸಂಗಾತಿಗಳು ಆ ಪ್ರೋಟೀನನ್ನು ಬೆಸೆಯುವ ಮೊದಲಿನ ಆಕಾರದಲ್ಲಿಯೇ ಹಿಡಿದು ನಿಲ್ಲಿಸುವ ವಿಧಾನ ಕಂಡುಹಿಡಿದರು. ವೈರಸ್ಸಿನ ಪ್ರೋಟೀನನ್ನು ಹೀಗೆ ಹಿಡಿದು ನಿಲ್ಲಿಸುವ ಆ ವಿದ್ಯೆಯೇ ಮುಂದೆ ಕೆಲವು ಪ್ರಮುಖ ಕೋವಿಡ್ ಲಸಿಕೆಗಳಿಗೂ ದಾರಿಮಾಡಿತು. ಕೋಟ್ಯಂತರ ಜೀವ ಉಳಿಸಿದ ಜ್ಞಾನದ ಬೇರು ಹಸುಗೂಸುಗಳ ಈ ವೈರಸ್ಸಿನಲ್ಲಿದೆ ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಅದರ ಫಲವಾಗಿ 2023ರಿಂದ ನಮ್ಮ ಬಳಿ ಎರಡು ರಕ್ಷೆಗಳಿವೆ. ಒಂದು, ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಕೊಡುವ ಲಸಿಕೆ. ತಾಯಿಯ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಸೇರುತ್ತವೆ. ದೊಡ್ಡ ಪರೀಕ್ಷೆಯಲ್ಲಿ ಅದು ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ತೀವ್ರ ಆರ್‌ಎಸ್‌ವಿ ಕಾಯಿಲೆಯನ್ನು ನೂರಕ್ಕೆ ಸುಮಾರು 82ರಷ್ಟು ತಡೆಯಿತು. ಇನ್ನೊಂದು, ಕೂಸಿಗೇ ನೇರವಾಗಿ ಕೊಡುವ ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯದ ಚುಚ್ಚುಮದ್ದು. ಒಂದೇ ಸಲ ಕೊಟ್ಟರೆ ಒಂದು ಋತುವಿಗೆ, ಅಂದರೆ ಸುಮಾರು ಐದು ತಿಂಗಳಿಗೆ, ಸಾಕು. 1998ರಿಂದ ಇದ್ದ ಹಳೆಯ ಪ್ರತಿಕಾಯವನ್ನು ತಿಂಗಳಿಗೊಮ್ಮೆ ಕೊಡಬೇಕಿತ್ತು, ಬೆಲೆಯೂ ವಿಪರೀತ. ಸ್ಪೇನ್‌ನ ಗಲೀಸಿಯಾ ಪ್ರಾಂತ 2023ರ ಚಳಿಗಾಲದಿಂದ ಎಲ್ಲ ನವಜಾತ ಶಿಶುಗಳಿಗೂ ನಿರ್ಸೆವಿಮ್ಯಾಬ್ ಕೊಟ್ಟಿತು. ಆರ್‌ಎಸ್‌ವಿಗಾಗಿ ಆಸ್ಪತ್ರೆ ಸೇರುವುದನ್ನು ಅದು ಅಲ್ಲಿ ನೂರಕ್ಕೆ 82ರಷ್ಟು ತಡೆಯಿತು. ಅರವತ್ತು ದಾಟಿದವರಿಗೂ, ವಿಶೇಷವಾಗಿ ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೂ ಈಗ ಆರ್‌ಎಸ್‌ವಿ ಲಸಿಕೆಗಳಿವೆ. ಅದನ್ನು ನಿಮ್ಮ ವೈದ್ಯರ ಬಳಿ ಕೇಳಿ ತಿಳಿದುಕೊಳ್ಳಿ, ಇಂದಿನ ನನ್ನ ಮಾತು ಕೂಸುಗಳದ್ದು.

2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳೂ ಗರ್ಭಿಣಿಯರ ಲಸಿಕೆಯನ್ನೋ ಶಿಶುಗಳ ಪ್ರತಿಕಾಯವನ್ನೋ ಜಾರಿಗೆ ತರಬೇಕೆಂದು ಶಿಫಾರಸು ಮಾಡಿದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಎರಡೂ ಇಲ್ಲ. ಹಣವುಳ್ಳವರು ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ವಿಚಾರಿಸಿಯಾರು. ಸಾಯುವ ಕೂಸುಗಳು ಹಣವುಳ್ಳವರ ಮನೆಯವಲ್ಲ. ಮಹಾರಾಷ್ಟ್ರದ ಮೇಳಘಾಟ್ ಎಂಬ ಗುಡ್ಡಗಾಡಿನ ಆದಿವಾಸಿ ಹಳ್ಳಿಗಳಲ್ಲಿ ಸಂಶೋಧಕರು ಮನೆಮನೆಗೆ ಹೋಗಿ ಶಿಶುಗಳನ್ನು ಪರೀಕ್ಷಿಸಿದರು. ಆರ್‌ಎಸ್‌ವಿಯಿಂದ ಅಲ್ಲಿ ಸಂಭವಿಸಿದ ಸಾವುಗಳು ಬಹುಪಾಲು ಆಸ್ಪತ್ರೆಯ ಹೊರಗೆ ಆಗಿದ್ದವು. ಜಗತ್ತಿನ ಲೆಕ್ಕವೂ ಅದನ್ನೇ ಹೇಳುತ್ತದೆ, ನಾಲ್ಕರಲ್ಲಿ ಮೂರು ಸಾವು ಯಾವ ಆಸ್ಪತ್ರೆಯ ದಾಖಲೆಗೂ ಸೇರುವುದಿಲ್ಲ. ದಾಖಲೆಗೆ ಸೇರದ ಸಾವಿಗೆ ಬಜೆಟ್ಟಿನಲ್ಲಿ ಜಾಗ ಸಿಗುವುದು ಕಷ್ಟ.

ಹಳೆಯ ಒಂದು ಉದಾಹರಣೆ ನನ್ನನ್ನು ಕಳವಳಕ್ಕೆ ದೂಡುತ್ತದೆ. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ವಿರುದ್ಧದ ಶಿಶುಗಳ ಲಸಿಕೆ ಅಮೆರಿಕದಲ್ಲಿ ಬಳಕೆಗೆ ಬಂದದ್ದು 2000ದಲ್ಲಿ. ನಮ್ಮಲ್ಲಿ ಕೆಲವು ರಾಜ್ಯಗಳಲ್ಲಿ 2017ರಲ್ಲಿ ಶುರುವಾಗಿ, ದೇಶಕ್ಕೆಲ್ಲ ವಿಸ್ತರಣೆಯಾದದ್ದು 2021ರಲ್ಲಿ. ಇಪ್ಪತ್ತೊಂದು ವರ್ಷ. ಆ ನಡುವೆ ಎಷ್ಟೋ ಮಕ್ಕಳು ಹುಟ್ಟಿ ಸತ್ತವು.

ಆರ್‌ಎಸ್‌ವಿಯ ವಿಷಯದಲ್ಲಿ ಅಷ್ಟು ಕಾಯಬೇಕಾಗಿಲ್ಲ. ತಲುಪಿಸುವ ವ್ಯವಸ್ಥೆ ನಮ್ಮಲ್ಲಿದೆ. ತಾಯಿ ಕಾರ್ಡ್ ಇದೆ, ಗರ್ಭಿಣಿಯರಿಗೆ ಟಿಡಿ ಚುಚ್ಚುಮದ್ದು ಕೊಡುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೇ ಬಂದು ಕೂಸನ್ನು ನೋಡುವ ಆಶಾ ಕಾರ್ಯಕರ್ತೆ ಇದ್ದಾಳೆ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸಾನ್ಸ್’ ಎಂಬ ನ್ಯುಮೋನಿಯಾ ಅಭಿಯಾನವೂ ಇದೆ. ಇಲ್ಲದಿರುವುದು ಕೈಗೆಟಕುವ ಬೆಲೆ ಮತ್ತು ಜನರ ಒತ್ತಾಯ. ಬೆಲೆಯನ್ನು ಇಳಿಸುವ ಶಕ್ತಿ ಭಾರತದ ಲಸಿಕಾ ಉದ್ಯಮಕ್ಕಿದೆ ಎಂಬುದನ್ನು ಜಗತ್ತು ಕಂಡಿದೆ. ಒತ್ತಾಯ ಬರಬೇಕಾದದ್ದು ನಮ್ಮಿಂದ.

ಆದ್ದರಿಂದ ಎರಡು ಬೇಡಿಕೆಗಳೊಂದಿಗೆ ಮುಗಿಸುತ್ತೇನೆ. ನಿಮ್ಮ ಶಾಸಕರು, ಸಂಸದರು ಸಿಕ್ಕಾಗ ರಸ್ತೆ, ಚರಂಡಿಯ ಜೊತೆಗೆ ಆರ್‌ಎಸ್‌ವಿ ಲಸಿಕೆ ನಮ್ಮ ಆರೋಗ್ಯ ಕೇಂದ್ರಕ್ಕೆ ಯಾವಾಗ ಬರುತ್ತದೆ ಎಂದೂ ಕೇಳಿ, ಬರೆದು ಕೊಟ್ಟು ಸಹಿ ಪಡೆಯಿರಿ. ಅದು ಬರುವ ತನಕ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹಸುಗೂಸಿದ್ದರೆ, ಬಾಗಿಲ ಬಳಿ ಒಂದು ಸೋಪು ಇಡಿಸಿ. ನಿಮಗೆ ಮೂಗು ಸೋರುತ್ತಿದ್ದರೆ ಆ ವಾರ ಕೂಸನ್ನು ನೋಡಲು ಹೋಗಬೇಡಿ.